ಬಣ್ಣದ ಕೆಳಗೊಂದು ಹೆಸರು

ಚಹಾ ಕುಡಿಯದೆ ರಾಮಲಿಂಗಪ್ಪ ಬಣ್ಣ ನೋಡುವುದಿಲ್ಲ ಎಂಬುದು ಇಳಕಲ್ಲಿನ ನೇಕಾರರ ಓಣಿಗೆಲ್ಲ ಗೊತ್ತಿದ್ದ ಸಂಗತಿ. ಬಣ್ಣ ಹಾಕುವ ಮುರ್ತುಜಸಾಬ ವಾರಕ್ಕೊಮ್ಮೆ ರೇಷ್ಮೆ ನೂಲಿನ ಲಡಿಗಳನ್ನು ತಂದು ಅವನ ಪಡಸಾಲೆಯ ಚಾಪೆಯ ಮೇಲೆ ಹರವುತ್ತಿದ್ದ. ಸೀರೆ ವ್ಯಾಪಾರಿಗಳು ಸುತ್ತ ಕೂತು ತಮಗೆ ಬೇಕಾದ ಬಣ್ಣ ಹೇಳುತ್ತಿದ್ದರು. ಸೀರೆಯಂಚಿನ ಯಾವ ದಡಿಗೆ ಯಾವ ಕೆಂಪು, ಯಾವ ಒಡಲಿಗೆ ಯಾವ ಹಸಿರು ಎಂದು ಕಡೆಯ ಮಾತು ಹೇಳುವ ದೊಡ್ಡಸ್ತಿಕೆ ರಾಮಲಿಂಗಪ್ಪನದು. ಅವನು ಮೀಸೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ. ಒಳಗಿನಿಂದ ಹೆಂಡತಿ ರತ್ನಾಬಾಯಿ ಬಂದು ಲಡಿಗಳ ನಡುವೆ ಎಲ್ಲೋ ಒಂದು ಕಡೆ ಚಹಾದ ಬಸಿ ಇಟ್ಟು ಹೋಗುತ್ತಿದ್ದಳು. ಎರಡು ಗುಟುಕು ಕುಡಿದು, ಬಸಿಯ ಪಕ್ಕದ ಲಡಿಯನ್ನೇ ಎತ್ತಿ ಹಿಡಿದು, "ದಾಳಿಂಬರಿ ಕೆಂಪು ಅಂದ್ರ ಇದು ನೋಡ್ರಿ. ಉಳದದ್ದು ಕಟಗೊಂಡ ಹೋಗ್ರಿ" ಎನ್ನುತ್ತಿದ್ದ. ವ್ಯಾಪಾರಿಗಳು ತಲೆದೂಗುತ್ತಿದ್ದರು. ಬಸಿ ಇವತ್ತು ಎಡಕ್ಕೆ, ನಾಳೆ ಬಲಕ್ಕೆ ಯಾಕೆ ಬರುತ್ತದೆ ಎಂದು ಒಬ್ಬನಿಗಾದರೂ ಅನುಮಾನ ಬಂದಿತ್ತೆ? ಚಹಾ ತರುವ ಹೆಂಗಸಿನ ಕೈಯನ್ನು ಯಾರು ನೋಡುತ್ತಾರೆ!

ರಾಮಲಿಂಗಪ್ಪನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಮದುವೆಯಾಗಿ ಬಂದ ಹೊಸದರಲ್ಲಿ ಅವನು ಕೆಂಪು ದಡಿಗೆ ಹಸಿರು ನೂಲಿನ ಕಂಡಿಕೆ ಎತ್ತಿಕೊಂಡದ್ದನ್ನು ರತ್ನಾಬಾಯಿ ನೋಡಿದ್ದಳು. ಮಾತಾಡದೆ ಅದನ್ನು ಕಿತ್ತುಕೊಂಡು ಕೆಂಪಿನದನ್ನು ಕೈಗೆ ಕೊಟ್ಟಿದ್ದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಅಲ್ಲಿಗೆ ಮುಗಿಯಿತು. ಎರಡು ಮಕ್ಕಳಾದವು, ಮಗನ ಮದುವೆಯಾಯಿತು, ಕೈಮಗ್ಗ ಹೋಗಿ ಪವರ್‌ಲೂಮ್ ಬಂತು, ಆದರೆ ಆ ವಿಷಯ ಒಮ್ಮೆಯೂ ಗಂಡ ಹೆಂಡಿರ ಬಾಯಿಗೆ ಬರಲಿಲ್ಲ. ಹಾಗಂತ ಅವನ ಹೆಸರೆಲ್ಲ ಸುಳ್ಳೆಂದಲ್ಲ. ಬಣ್ಣದ ಗಾಢತೆ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಅವನಿಗೆ ಹೊಳೆಯುತ್ತಿತ್ತು. ಅದು ಅವನ ಸ್ವಂತ ಹುಷಾರಿ. ಅರ್ಧ ಹೆಸರು ಅವನದು, ಅರ್ಧ ಅವಳದು. ಮೀಸೆ ಮಾತ್ರ ಅವನಿಗೊಬ್ಬನಿಗೇ ಇತ್ತು.

ಮನೆಯಲ್ಲಿ ಜಗಳ ಶುರುವಾದದ್ದು ಪ್ರೀತಿ ಎಂಬ ಮಗಳ ಕೆಲಸದಿಂದ. ಬಿಕಾಂ ಮುಗಿಸಿ ಬಾಗಲಕೋಟೆಯ ನವನಗರದಲ್ಲಿ ಮುಮ್ತಾಜ ಎಂಬಾಕೆ ನಡೆಸುತ್ತಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿತು ಬಂದಿದ್ದಳು. ಎರಡು ಸಾವಿರದ ಐದನೇ ಇಸವಿಯ ಮಾತು. ಪುಣೆ, ಸೊಲ್ಲಾಪುರದ ಗಿರಾಕಿಗಳು ಈಗ ಕಂಪ್ಯೂಟರಿನಲ್ಲಿ ಸೀರೆ ನೋಡುತ್ತಾರಂತೆ ಎಂದು ಮಗ ರಾಜೇಶ ಓಣಿಯ ವ್ಯಾಪಾರಿಗಳನ್ನೆಲ್ಲ ಕೂಡಿಸಿ, ಎಲ್ಲರದೂ ಸೇರಿ ಒಂದು ಸೈಟ್ ಆಗಲೆಂದು ಒಪ್ಪಿಸಿದ್ದ. ಕೆಲಸ ಮುಮ್ತಾಜಳಿಗೆ ಹೋಯಿತು. ಅವಳು ಪ್ರೀತಿಗೆ ಕೊಟ್ಟಳು. "ನಿಮ್ಮೂರಾವ್ರು ಪಾಸ್ ಮಾಡಿದ್ರ ದಸರಾದಿಂದ ನನ್ನ ಕೂಡ ಕೆಲಸಕ್ಕ ಬಾ. ನನ್ನ ಮನ್ಯಾಗ ಇರಾಕ ಖೋಲಿ ಐತಿ. ಇಲ್ಲಂದ್ರ ನಾ ಬ್ಯಾರೇದವರ್ನ ನೋಡತೇನಿ" ಎಂದಿದ್ದಳಂತೆ. ಪ್ರೀತಿ ಅವತ್ತಿನಿಂದ ನೆಲದ ಮೇಲೆ ನಡೆಯುವುದನ್ನೇ ಬಿಟ್ಟಿದ್ದಳು.

ಪಡಸಾಲೆಯ ಮೂಲೆಯಲ್ಲಿ ಯಾರೋ ವಾಪರಿಸಿ ಬಿಟ್ಟ ಹಳೆಯ ಕಂಪ್ಯೂಟರ್ ಬಂದು ಕೂತಿತು. ಪುಟದ ಬಣ್ಣ ಯಾವುದಿರಲಿ ಎಂದು ಪ್ರೀತಿ ಕೇಳಿದ್ದು ತಾಯಿಯನ್ನೇ. ರತ್ನಾಬಾಯಿ ಶೇಂಗಾ ಸುಲಿಯುತ್ತ ಹೇಳಿದಳು, "ನಮ್ಮ ಸೀರಿ ಹೆಂಗಿರತೈತಿ ಹಂಗ ಮಾಡು. ಒಡಲು ದಾಳಿಂಬರಿ ಕೆಂಪು. ಅಕ್ಷರ ದಡಿಯಂಗ ಹಸರು. ಎರಡರ ಗಾಢ ಸಮಾ ಇರ್ಲಿ. ಒಂದರ ಮ್ಯಾಲ ಒಂದು ಏರಬಾರದು."

ಅದು ಮಗ್ಗದ ನಿಯಮ. ಗಾಢ ಸಮವಾಗಿದ್ದರೇ ದಡಿ ಒಡಲನ್ನು ನುಂಗುವುದಿಲ್ಲ. ಪ್ರೀತಿ ತಾಯಿ ಹೇಳಿದಂತೆಯೇ ಮಾಡಿದಳು. ಚಿತ್ರಗಳನ್ನು ಆಮೇಲೆ ಹಾಕಿದರಾಯಿತೆಂದು ಸದ್ಯ ಸೀರೆಗಳ ಹೆಸರಷ್ಟೇ ಬರೆದಳು. ಸೀರೆ ಮಾರಾಟಕ್ಕಿದ್ದರೆ ಹಸಿರು ಚುಕ್ಕೆ, ತೀರಿದ್ದರೆ ಹಸಿರು ಪಟ್ಟಿಯೊಳಗೆ ಕೆಂಪು ಚುಕ್ಕೆ ಇಟ್ಟಳು. ರತ್ನಾಬಾಯಿಗೆ ಕಣ್ಣು ತುಂಬಿ ಬಂತು. ಹಬ್ಬದ ದಿನ ಸೀರೆ ಬಿಚ್ಚಿ ಹಾಸಿದಂತಿತ್ತು ಪರದೆ. ಗಂಡನ ನೆನಪು ಆಗ ಅವಳಿಗೆ ಬರಲೇ ಇಲ್ಲ.

ಶ್ರಾವಣದ ಒಂದು ಮುಂಜಾನೆ ವ್ಯಾಪಾರಿಗಳು ಬಂದು ಕೂತರು. ಮುಂದಾಳು ಶಿವಪುತ್ರ ಎಂಬವನು. ನಾಲ್ಕು ಅಂಗಡಿಯ ಧಣಿ, ಮಾತಿಗೆ ಮೊದಲೇ ನಗುವ ಮನುಷ್ಯ. ಬಣ್ಣದ ಮಾತು ಬಂದರೆ ನಮಗೇನೂ ತಿಳಿಯದು, ರಾಮಲಿಂಗಪ್ಪ ಹೂಂ ಅಂದರೆ ಹೂಂ ಎಂದು ಅವನೇ ಸಾರಿದ. ಪ್ರೀತಿ ಪುಟ ತೆರೆದು ಪಕ್ಕಕ್ಕೆ ಸರಿದು ನಿಂತಳು. ರಾಮಲಿಂಗಪ್ಪ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತ.

ಚಹಾ ಹಿಡಿದುಕೊಂಡು ಬಾಗಿಲಿಗೆ ಬಂದ ರತ್ನಾಬಾಯಿ ಅಲ್ಲೇ ನಿಂತಳು. ಬಸಿಯನ್ನು ಎಲ್ಲಿ ಇಡುವುದು? ಲಡಿ ಇಲ್ಲ, ಚಾಪೆ ಇಲ್ಲ. ಒಂದು ಗಾಜು, ಅದರ ತುಂಬ ಕೆಂಪು, ಅದರ ಮೇಲೆ ಹಸಿರು.

ರಾಮಲಿಂಗಪ್ಪ ನೋಡಿದ. ಬಗ್ಗಿ ನೋಡಿದ. ಕನ್ನಡಕ ಒರೆಸಿಕೊಂಡು ನೋಡಿದ.

"ಎಲ್ಲಿ ಬರದೀ? ಇದರಾಗ ಏನೂ ಬರದ ಇಲ್ಲಲಾ?"

"ಅಪ್ಪಾ, ಇಷ್ಟ ದೊಡ್ಡ ಅಕ್ಷರ ಅದಾವ" ಎಂದಳು ಪ್ರೀತಿ.

"ಏನೂ ಇಲ್ಲ. ಬರೇ ಖಾಲಿ ಐತಿ."

ಶಿವಪುತ್ರ ತೊಡೆ ತಟ್ಟಿಕೊಂಡು ಗಹಗಹಿಸಿದ. "ಕೇಳಿದ್ರ್ಯಾ! ಇದಕ್ಕಂತಾರ ನೋಡ್ರಿ ಬಣ್ಣದ ಕಣ್ಣು! ಬರದದ್ದ ಬರದಂಗ ಆಗಿಲ್ಲ ಅಂತ ಅವರ ಮಾತು. ಸ್ವಂತ ಮಗಳಾದ್ರೂ ಮುಲಾಜಿಲ್ಲ!" ಉಳಿದವರೂ ನಕ್ಕರು. ರಾಮಲಿಂಗಪ್ಪ ಒಬ್ಬೊಬ್ಬರ ಮುಖ ನೋಡಿದ. ಅಲ್ಲಿ ಏನೋ ಬರೆದಿದೆ, ಅದು ತನಗೊಬ್ಬನಿಗೇ ಕಾಣುತ್ತಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಇವರು ನಗುತ್ತಿರುವುದು ತನ್ನನ್ನು ನೋಡಿ ಅಲ್ಲ ಎಂಬುದೂ ತಿಳಿಯಿತು. ಕೈ ಮೀಸೆಗೆ ಹೋಯಿತು.

"ಅಷ್ಟ ಮತ್ತ" ಎಂದುಬಿಟ್ಟ.

ಕೆಲಸ ನಾಪಾಸಾಯಿತು. ವ್ಯಾಪಾರಿಗಳು ಚಪ್ಪಲಿ ಮೆಟ್ಟಿಕೊಂಡು ಹೋದರು. ಪ್ರೀತಿ ನಿಂತಲ್ಲೇ ನಿಂತಿದ್ದಳು.

ಅವತ್ತಿನಿಂದ ಆ ಮನೆಯಲ್ಲಿ ಊಟವೆಂಬುದು ಯುದ್ಧವಾಯಿತು. ತಂದೆಗೆ ಬಡಿಸುವ ಕೆಲಸ ಪ್ರೀತಿಯದಾಗಿತ್ತು. ಅವಳು ಬಿಟ್ಟಳು. ಸೊಸೆ ಸುಮಾ, ಕೆರೂರಿನ ಹುಡುಗಿ, ಎರಡು ಕಡೆಯ ಬೈಗುಳಕ್ಕೂ ನಡುವೆ ಸಿಕ್ಕಿದ್ದಳು. ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಅತ್ತ ಇತ್ತ ಓಡಾಡುತ್ತಿದ್ದಳು.

"ನಮ್ಮವ್ವ ಎಲ್ಲಿ ಹ್ವಾದಳು? ಕೈ ನೊಂದಾವೇನ ಬಡಸಾಕ?" ರಾಮಲಿಂಗಪ್ಪ ತಾಟಿನ ಮುಂದೆ ಕೂತು ಮಗಳನ್ನು ಚುಚ್ಚಿ ಕೇಳಿದ.

ಒಳಗಿನಿಂದ ಪ್ರೀತಿಯ ಧ್ವನಿ ಬಂತು. "ವೈನಿ, ತಾಟಿನ್ಯಾಗ ಏನೂ ಇಲ್ಲ ಅಂತ ಹೇಳು. ಬರೇ ಖಾಲಿ ಐತಿ ಅಂತ ಹೇಳು."

"ಕೇಳಿದ್ಯಾ ನಿನ್ನ ಮಗಳ ಮಾತು?" ಅವನು ಹೆಂಡತಿಯ ಕಡೆ ತಿರುಗಿದ.

ರತ್ನಾಬಾಯಿ ಜುಣಕದ ಸೌಟು ಎತ್ತಿದವಳು ಹಾಗೇ ಇಳಿಸಿದಳು. ಗಂಡನನ್ನು ಬಿಟ್ಟರೆ ಈ ಜಗಳದ ನಿಜವಾದ ಕಾರಣ ಗೊತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ.

"ಉಣ್ಣಾಗ ಜಗಳಾ ಬ್ಯಾಡ್ರಿ" ಎಂದಳು ಅಷ್ಟೇ.

ರಾಜೇಶ ಕೈ ತೊಳೆಯದೆಯೇ ಎದ್ದ. "ಅಪ್ಪಾ, ನಾ ಆರ ತಿಂಗಳ ಆ ಮಂದೀ ಹಿಂದ ಅಡ್ಡಾಡಿ ಒಪ್ಪಸೇನಿ. ಏನ ತಪ್ಪಾಗೈತಿ ಅದನ್ನರ ಹೇಳು. ತಿದ್ದೋಣು."

"ಎಲ್ಲಾ ತಪ್ಪಾಗೈತಿ. ಆ ಡಬ್ಬಿ ಮಾರಿ ಬಾ."

"ಯಾಕ ಮಾರಬೇಕು?"

"ನಾ ಹೇಳತೇನಿ ಅದಕ್ಕ. ಕುಳಗೇರಿ ಕ್ರಾಸಿಂದ ಸಂಬಂಧ ಬಂದೈತಿ. ಹುಡುಗಂದು ಟಾಯರ್ ಅಂಗಡಿ ಐತಿ, ಸ್ವಂತ ಮನಿ ಐತಿ. ದಸರಾ ಒಳಗ ಮಾತ ಮುಗಸತೇನಿ. ಹುಡುಗಿ ಬಾಗಲಕೋಟಿ ಅಂತ ಕುಣದದ್ದು ಸಾಕು."

ಒಳಗೆ ಕೊಡಪಾನ ಬಿದ್ದ ಸದ್ದಾಯಿತು. ಬಿದ್ದದ್ದಲ್ಲ, ಪ್ರೀತಿ ಎಸೆದದ್ದು.

ಹೆದರಿದ ಗಂಡಸು ಎಷ್ಟು ಕೆಟ್ಟವನಾಗುತ್ತಾನೆ ಎಂಬುದನ್ನು ರತ್ನಾಬಾಯಿ ಆ ದಿನಗಳಲ್ಲಿ ಕಂಡಳು. ಮಗಳು ಪರದೆಯ ಮುಂದೆ ಕೂತರೆ ಅವನು ಮೇನ್ ಸ್ವಿಚ್ ಆರಿಸಿ, ಲೂಮಿಗೆ ಲೋಡ್ ಆಗುತ್ತದೆ ಎನ್ನುತ್ತಿದ್ದ. ಮಗಳು ಬಟ್ಟೆ ಒಗೆಯುವುದು, ಕಸ ಹೊಡೆಯುವುದು, ಎಲ್ಲದರಲ್ಲೂ ಹುಳುಕು ತೆಗೆಯುತ್ತಿದ್ದ. ಪ್ರೀತಿ ಒಂದಕ್ಕೆ ಎರಡು ಕೊಡುತ್ತಿದ್ದಳು. "ನಾ ಸತ್ರೂ ಆ ಟಾಯರಿನವನ ಮನಿಗೆ ಹೋಗಂಗಿಲ್ಲ" ಎಂದಳು. "ಸತ್ತಮ್ಯಾಲ ಹೋಗಬ್ಯಾಡ, ಈಗ ಹೋಗು" ಎಂದ ಅವನು. ಸುಮಾ ಅತ್ತೆಯ ಕಿವಿಯಲ್ಲಿ, "ಅತ್ತೀ, ನಾ ನಾಕ ದಿನ ತವರಿಗಿ ಹೋಗಿ ಬರ್ಲ್ಯಾ?" ಎಂದಳು. ಪಾಪ, ಅವಳ ತಪ್ಪೇನು.

ಭಾದ್ರಪದದಲ್ಲಿ ಪ್ರೀತಿ ನಾಪಾಸಾದ ಕೆಲಸವನ್ನು ಮುಮ್ತಾಜಳಿಗೆ ಒಪ್ಪಿಸಿ ಬರುತ್ತೇನೆಂದು ಬಾಗಲಕೋಟೆಗೆ ಹೋದಳು. ತಿರುಗಿ ಬಂದಾಗ ಅವಳ ಮುಖವೇ ಬೇರೆಯಾಗಿತ್ತು. ಮಧ್ಯಾಹ್ನ ಗಂಡಸರು ಲೂಮಿನ ಕಡೆ ಹೋದ ಹೊತ್ತು. ಚೀಲ ಇಟ್ಟವಳೇ ಕಂಪ್ಯೂಟರ್ ಹಚ್ಚಿದಳು.

"ಅವ್ವಾ, ಇಲ್ಲಿ ಬಾ."

"ಒಲಿ ಮ್ಯಾಲ ಬ್ಯಾಳಿ ಐತಿ."

"ಬ್ಯಾಳಿ ಹೊತ್ತಲಿ, ಬಾ. ಮುಮ್ತಾಜ ಮೇಡಮ್ ನನ್ನ ಪೇಜ್ ನೋಡಿ ಹಣಿ ಬಡಕೊಂಡ್ರು. ಗಂಡಸರೊಳಗ ಭಾಳ ಮಂದಿಗಿ ಕೆಂಪು ಹಸರು ಬ್ಯಾರೆ ಕಾಣಂಗಿಲ್ಲಂತ. ಅವರಿಗೂ ತಿಳಿಯೂ ಹಂಗ ಮಾಡಬೇಕಂತ. ಅಕ್ಷರ ಒಂದು ಗಾಢ, ಹಿಂದಿಂದು ತೆಳು ಇರಬೇಕು. ಬಣ್ಣ ಒಂದನ್ನ ನಂಬಬಾರದು, ಬಾಜೂಕ ಹೆಸರೂ ಬರೀಬೇಕು. ಎಲ್ಲಾ ಬಣ್ಣ ತಗದು ಬರೇ ಕರಿ ಬಿಳಿ ಮಾಡಿ ನೋಡು, ಆಗ ನಿನಗ ತಿಳೀತೈತಿ ಅಂದ್ರು. ಈಗ ನೋಡು."

ಏನೋ ಒತ್ತಿದಳು. ಹಳೆಯ ಟೀವಿಯಂತೆ ಬಣ್ಣವೆಲ್ಲ ಇಳಿದುಹೋಯಿತು. ಕೆಂಪು ಬೂದಿಯಾಯಿತು. ಹಸಿರೂ ಅದೇ ಬೂದಿಯಾಯಿತು. ಗಾಢ ಸಮವಾಗಿತ್ತಲ್ಲ! ಮೂಲೆಯಿಂದ ಮೂಲೆಗೆ ಬೂದಿ ಬಳಿದ ಗೋಡೆಯಂತೆ ಪರದೆ ನಿಂತಿತು. ಅಂಗಡಿಯ ಹೆಸರಿಲ್ಲ, ಸೀರೆಯ ಹೆಸರಿಲ್ಲ, ಒಂದು ಚುಕ್ಕೆಯೂ ಇಲ್ಲ.

"ಏನೂ ಬರದ ಇಲ್ಲ" ಎಂದಳು ಪ್ರೀತಿ ಮೆಲ್ಲಗೆ. "ಅಪ್ಪ ಖರೇನ ಹೇಳಿದ್ದ. ಅಂವಗ ಕಂಡಿದ್ದ ಅಂವ ಹೇಳಿದ್ದ."

ರತ್ನಾಬಾಯಿ ಹಿಂದಕ್ಕೆ ಹೆಜ್ಜೆ ಇಟ್ಟಳು. ಮಗಳು ತಿರುಗಿ ತಾಯಿಯ ಮುಖ ನೋಡಿದಳು. ಆ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಇರಬೇಕಾದದ್ದು ಇರದಿದ್ದರೆ ಮಗಳಿಗೆ ತಿಳಿಯದೇ?

"ನಿನಗ ಗೊತ್ತಿತ್ತು."

"ಬಾಯಿ ಮುಚ್ಚು."

"ಅವ್ವಾ, ನಿನಗ ಗೊತ್ತಿತ್ತು! ಅದಕ್ಕ ನೀ ಚಾ... ಎಲ್ಲಾ ನೀನ ತೋರಸ್ತಿದ್ದಿ! ಅಂವ ಎಲ್ಲಾರ ಮುಂದ ನನ್ನ ಮಣ್ಣಾಗ ಇಟ್ಟಾಗೂ ಗೊತ್ತಿತ್ತು, ಸುಮ್ನ ನಿಂತಿ."

"ಏನ ಮಾಡ್ಲಿ ನಾ? ನನ್ನ ಗಂಡಗ ಬಣ್ಣ ಕಾಣಂಗಿಲ್ಲ ಅಂತ ಓಣ್ಯಾಗ ಡಂಗರಾ ಸಾರ್ಲ್ಯಾ? ಈ ಮನಿ ನಿಂತದ್ದ ಅವರ ಹೆಸರಿನ ಮ್ಯಾಲ."

"ಹೆಸರ ಅಪ್ಪಂದು. ಕಣ್ಣು ನಿಂದು. ಹಾಳಾದಾಕಿ ನಾ." ಪ್ರೀತಿಯ ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿ ಇತ್ತು. "ನಾ ಬ್ಯಾರೆ ಮಾಡತೇನಿ. ಅಪ್ಪಗೂ ಕಾಣೂ ಹಂಗ ಮಾಡತೇನಿ. ಅಂವ ಪಾಸ್ ಮಾಡಿದ್ರ ನಾ ಸಾಯೂತನ ಬಾಯಿ ಬಿಡಂಗಿಲ್ಲ. ಮಾಡಲಿಲ್ಲಂದ್ರ ನೀ ಹೇಳಬೇಕು."

"ಹೇಳಂಗಿಲ್ಲ."

"ಹಂಗಾರ ನೀನ ನನ್ನ ಟಾಯರ್ ಅಂಗಡಿಗಿ ಮಾರಿದಂಗ ಆತು."

ಒಲೆಯ ಮೇಲೆ ಬೇಳೆ ನಿಜಕ್ಕೂ ಹೊತ್ತಿತು. ಆ ದಿನ ಎಲ್ಲರೂ ಹೊತ್ತಿದ ಸಾರನ್ನೇ ಉಂಡರು. ಯಾರೂ ಯಾಕೆ ಎಂದು ಕೇಳಲಿಲ್ಲ.

ಹೊಸ ಪುಟಕ್ಕೆ ಪ್ರೀತಿ ಬಿಳಿಯ ಮೇಲೆ ಕಪ್ಪು ಅಕ್ಷರ ಇಟ್ಟಾಗ ರಾಜೇಶನೇ ಹೌಹಾರಿದ. "ಏ ಹುಚ್ಚೀ, ಇದೇನ ಸತ್ತವರ ಕಾರ್ಡ ಇದ್ದಂಗ ಐತಿ! ಮುತ್ತೈದೇರು ಉಡೂ ಸೀರಿ ಮಾರಾಂವ್ರು ನಾವು." ಅದೂ ಖರೆಯೇ. ಕಡೆಗೆ ಹಿಂದೆ ಹಾಲಿನ ಕೆನೆಯ ಬಣ್ಣ, ಮೇಲೆ ಕಡುನೀಲಿ ಅಕ್ಷರ ಎಂದು ಅಣ್ಣ ತಂಗಿ ಗುದ್ದಾಡಿ ಒಪ್ಪಿಕೊಂಡರು. ಚುಕ್ಕೆಗಳ ಪಕ್ಕದಲ್ಲಿ 'ಇದೆ', 'ತೀರಿದೆ' ಎಂದು ಬರೆದಳು. ಪ್ರತಿಯೊಂದು ಸೀರೆಯ ಚಿತ್ರದ ಕೆಳಗೆ ಬಣ್ಣದ ಹೆಸರು ಬರೆಯಬೇಕಿತ್ತು. ಅದಕ್ಕೆ ತಾಯಿಯ ಹತ್ತಿರ ಬರಲೇಬೇಕಾಯಿತು. ಮಾತು ಬಿಟ್ಟಿದ್ದ ಮಗಳು ಗೋಡೆಗೆ ಕೇಳುವಂತೆ ಕೇಳುತ್ತಿದ್ದಳು, ತಾಯಿ ರೊಟ್ಟಿ ಬಡಿಯುತ್ತ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು.

"ಇದು?"

"ಗಿಳಿ ಹಸರು."

"ಇದು?"

"ದಾಳಿಂಬರಿ. ಅದರ ಬಾಜೂದು ಇಟ್ಟಂಗಿ ಕೆಂಪು. ಎರಡೂ ಒಂದ ಅಂತ ಬರೀಬ್ಯಾಡ."

ಹಾಗೆ ಹೇಳುವಾಗೆಲ್ಲ ರತ್ನಾಬಾಯಿಗೆ ಒಳಗೊಳಗೆ ಸುಖವಾಗುತ್ತಿತ್ತು, ಸುಳ್ಳು ಯಾಕೆ. ಇಷ್ಟು ವರ್ಷದಲ್ಲಿ ಬಣ್ಣದ ಹೆಸರನ್ನು ಅವಳು ಹೀಗೆ ಒಂದೊಂದಾಗಿ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಮರುಗಳಿಗೆಗೇ ಗಂಡನ ಮುಖ ನೆನಪಾಗುತ್ತಿತ್ತು. ಇದನ್ನು ನೋಡಿ ಅವನು ಸುಮ್ಮನೆ ಹೂಂ ಅಂದುಬಿಡಲಿ ದೇವರೇ ಎಂದು ಬೇಡಿಕೊಂಡಳು. ಹೂಂ ಅಂದರೆ ಮಗಳೂ ಉಳಿದಳು, ಹೆಸರೂ ಉಳಿಯಿತು.

ದಸರೆಗೆ ಇನ್ನೂ ಕೆಲವು ದಿನವಿರುವಾಗ ರಾಜೇಶ ವ್ಯಾಪಾರಿಗಳ ಕೈಕಾಲು ಹಿಡಿದು ಮತ್ತೊಮ್ಮೆ ಕರೆತಂದ. ಅವತ್ತು ಮುರ್ತುಜಸಾಬನೂ ಲಡಿ ತಂದವನು ಅಲ್ಲೇ ಕೂತ. ಕುಳಗೇರಿ ಕ್ರಾಸಿನವರು ಬರುವ ಸೋಮವಾರ ಹುಡುಗಿ ನೋಡಲು ಬರುವವರಿದ್ದರು. ಇವತ್ತಾಗದಿದ್ದರೆ ಇನ್ನಾಗುವುದಿಲ್ಲವೆಂದು ಮನೆಗೆಲ್ಲ ಗೊತ್ತಿತ್ತು.

ರಾಮಲಿಂಗಪ್ಪ ಪರದೆಯ ಮುಂದೆ ಕೂತ. ರತ್ನಾಬಾಯಿ ಚಹಾದ ಬಸಿಯನ್ನು ನೆಲದ ಮೇಲಿಟ್ಟು, ಬಾಗಿಲಿಗೆ ಸರಿದು ಅವನ ತುಟಿ ನೋಡಿದಳು. ತುಟಿ ಅಲುಗಾಡುತ್ತಿತ್ತು. ಅವನು ಓದುತ್ತಿದ್ದ! ಗಿಳಿ ಹಸಿರು. ದಾಳಿಂಬರಿ. ಇಟ್ಟಂಗಿ ಕೆಂಪು. ಒಂದೊಂದು ಸೀರೆಯ ಕೆಳಗೂ ಬೆರಳಿಟ್ಟು ಓದುತ್ತಿದ್ದ. ಅವನ ಹಣೆಯ ಗಂಟು ಬಿಚ್ಚಿ, ಮುಖ ಹುಡುಗನಂತೆ ಸಡಿಲಾಯಿತು. ಆಯಿತು, ದೇವರು ದೊಡ್ಡವನು ಎಂದುಕೊಂಡಳು ರತ್ನಾಬಾಯಿ.

ಅಷ್ಟರಲ್ಲಿ ಅವನ ಬೆರಳು ನಿಂತಿತು. ನಿಧಾನವಾಗಿ ತಿರುಗಿ ಮಗಳನ್ನು ನೋಡಿದ. ಮಗಳು ಕಣ್ಣು ಕೆಳಗೆ ಹಾಕಲಿಲ್ಲ. ಆಮೇಲೆ ಬಾಗಿಲ ಕಡೆ ನೋಡಿದ. ಮಗಳಿಗೆ ಗೊತ್ತಾಗಿದೆ, ಹೆಂಡತಿಯೇ ಹೇಳಿದ್ದಾಳೆ ಎಂಬುದು ಆ ನೋಟದಲ್ಲಿತ್ತು.

"ಈ ಹೆಸರೆಲ್ಲಾ ಯಾಕ ಬರದೀ?" ಎಂದ ಜೋರಾಗಿ. "ಸೀರಿ ಕಾಣತೈತಿ, ಬಣ್ಣ ಕಾಣತೈತಿ. ಕೆಳಗ ಹೆಸರ ಯಾರಿಗಿ? ಕುರುಡರಿಗೇನು?"

ಶಿವಪುತ್ರ ನಗಲು ತಯಾರಾದ. "ಖರೆ ಐತಿ ಬಿಡ್ರಿ. ಕಣ್ಣಿದ್ದಾಂವಗ ಹೆಸರ ಯಾಕ ಬೇಕು?"

"ನಾಪಾಸು" ಎಂದ ರಾಮಲಿಂಗಪ್ಪ. "ನನ್ನ ಮಗಳಾದ್ರೇನಾತು. ಬಣ್ಣದಾಗ ನಾ ಸುಳ್ಳ ಹೇಳಂಗಿಲ್ಲ."

ಆ ಕೊನೆಯ ಮಾತೊಂದನ್ನು ಅವನು ಆಡದಿದ್ದರೆ ರತ್ನಾಬಾಯಿ ಸುಮ್ಮನಿರುತ್ತಿದ್ದಳೋ ಏನೋ. ಪ್ರೀತಿ ತಾಯಿಯ ಕಡೆ ನೋಡಿದಳು. ಬೇಡಲಿಲ್ಲ, ಬರೀ ನೋಡಿದಳು. ರತ್ನಾಬಾಯಿ ಹೊಸ್ತಿಲು ದಾಟಿ ಗಂಡಸರ ನಡುವೆ ಬಂದು ನಿಂತಳು. ತಲೆಯ ಮೇಲಿನ ಸೆರಗು ಜಾರಿದ್ದೂ ಅವಳಿಗೆ ತಿಳಿಯಲಿಲ್ಲ.

"ಹೌದು. ಕಾಣದವರ ಸಲುವಾಗಿನ ಬರದಾಳ. ಇವರಿಗಿ ಕೆಂಪು ಹಸರು ಗೊತ್ತಾಗಂಗಿಲ್ಲ. ಮೊದಲಿಂದನೂ ಇಲ್ಲ. ಇಷ್ಟ ವರ್ಷ ನಿಮಗೆಲ್ಲಾ ಬಣ್ಣ ಆರಿಸಿ ಕೊಟ್ಟಾಕಿ ನಾನು."

ಯಾರೂ ನಂಬಲಿಲ್ಲ. ಅದನ್ನು ಅವಳು ಎಣಿಸಿರಲಿಲ್ಲ. ಶಿವಪುತ್ರ ನಿಜವಾಗಿಯೂ ನೊಂದ ಮುಖ ಮಾಡಿ, "ವೈನಿ, ಮಗಳ ಸಲುವಾಗಿ ಗಂಡನ ಮ್ಯಾಲ ಇಂಥಾ ಮಾತ ಆಡಬಾರದ್ರಿ. ಛೆ" ಎಂದ. ಉಳಿದವರೂ ಛೆ ಎಂದರು. ಇಷ್ಟು ವರ್ಷ ಅಷ್ಟು ಚೊಕ್ಕಟವಾಗಿ ಮುಚ್ಚಿಟ್ಟಿದ್ದಳು, ಈಗ ತಾನೇ ಬಿಚ್ಚಿದರೂ ಬಿಚ್ಚಲೊಲ್ಲದು.

"ಪ್ರೀತಿ, ಹಳೇದು ಹಚ್ಚು" ಎಂದಳು.

ಕೆಂಪು ಪರದೆ, ಹಸಿರು ಅಕ್ಷರ ಬಂದವು. ಸೊಕ್ಕಿನಿಂದ ಹೊಳೆಯುತ್ತಿದ್ದವು.

"ಎಲ್ಲಾರೂ ಸುಮ್ನಿರ್ರಿ. ಅವರು ಓದಲಿ."

ರಾಮಲಿಂಗಪ್ಪ ಪರದೆಯ ಕಡೆ ತಿರುಗಲೇ ಇಲ್ಲ. ಹೆಂಡತಿಯನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ತುಂಬಿದ ಬಸ್ಸಿನಿಂದ ನಡುದಾರಿಯಲ್ಲಿ ಇಳಿಸಿಬಿಟ್ಟ ಮನುಷ್ಯನ ಹಾಗೆ ನೋಡಿದ. ಎದ್ದ, ಟವೆಲ್ಲು ಹೆಗಲಿಗೆ ಹಾಕಿದ, ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿದು ಹೋದ.

ಮುರ್ತುಜಸಾಬ ತನ್ನ ಲಡಿಗಳನ್ನು ನೋಡಿದ, ನೆಲದ ಮೇಲಿದ್ದ ಚಹಾದ ಬಸಿಯನ್ನು ನೋಡಿದ. "ಯಾ ಅಲ್ಲಾ" ಎಂದ ಮೆಲ್ಲಗೆ. "ಖರೆ ಐತ್ರೀ ಶಿವಪುತ್ರಪ್ಪಾರ. ಅಕ್ಕಾರ ಮಾತ ಖರೆ ಐತಿ."

ಸೈಟು ಪಾಸಾಯಿತು. ಕುಳಗೇರಿ ಕ್ರಾಸಿನವರಿಗೆ ಸುದ್ದಿ ಮುಟ್ಟಿ, ಕಣ್ಣಿನ ದೋಷದ ಮನೆತನ ನಮಗೆ ಬೇಡವೆಂದು ಅವರೇ ಹೇಳಿಕಳಿಸಿದರು. ಪ್ರೀತಿ ದಸರೆಯ ಮರುವಾರವೇ ಟ್ರಂಕು ಹಿಡಿದು ಬಾಗಲಕೋಟೆಯ ಬಸ್ಸು ಹತ್ತಿದಳು. ಹೋಗುವಾಗ ತಾಯಿಯ ಕಾಲಿಗೆ ಬಿದ್ದಳು, ಆದರೆ ಕಣ್ಣಲ್ಲಿ ಕಣ್ಣಿಡಲಿಲ್ಲ. "ಮೊದಲನೇ ಸರ್ತೀನ ಹೇಳಿದ್ರ ಇಷ್ಟ ಆಗ್ತಿದ್ದಿಲ್ಲ" ಎಂದಳು. ಥ್ಯಾಂಕ್ಸ್ ಬೇಡ, ಒಂದು ಒಳ್ಳೆಯ ಮಾತಾದರೂ ಬರಬಹುದಿತ್ತು. ಬರಲಿಲ್ಲ.

ವ್ಯಾಪಾರಿಗಳಿಗೇನು, ಕೆಲಸವಾದರೆ ಸಾಕು. ಮುರ್ತುಜಸಾಬ ಈಗ ಲಡಿ ತಂದು ರತ್ನಾಬಾಯಿಯ ಮುಂದೆ ಹರವತೊಡಗಿದ. ಅವಳು ಚಾಪೆಯ ಮೇಲೆ ಕೂತು ಬಾಯಿಬಿಟ್ಟು ಹೇಳುತ್ತಿದ್ದಳು. ಚಹಾ ಸುಮಾ ತರುತ್ತಿದ್ದಳು. ರಾಮಲಿಂಗಪ್ಪ ಹೊರಗೆ ಕಟ್ಟೆಯ ಮೇಲೆ ಓಣಿಗೆ ಮುಖ ಮಾಡಿ ಕೂಡುತ್ತಿದ್ದ. ಹೆಂಡತಿಯ ಕೂಡ ಮಾತು ಬಿಟ್ಟಿದ್ದ. ಊಟಕ್ಕೆ ಸೊಸೆಯೇ ಬಡಿಸಬೇಕು, ನೀರು ಸೊಸೆಯೇ ಕೊಡಬೇಕು. ದೀಪಾವಳಿಯ ಹೋಳಿಗೆಯನ್ನು ರತ್ನಾಬಾಯಿ ತಾನೇ ಹಾಕಲು ಹೋದಾಗ ತಾಟಿಗೆ ಕೈ ಅಡ್ಡ ಹಿಡಿದ.

"ಎಷ್ಟ ದಿನಾ ಹಿಂಗ?" ಅವಳು ಸೈರಣೆ ತಪ್ಪಿ ಕೇಳಿದಳು. "ನಾ ಏನ ಸುಳ್ಳ ಹೇಳೇನಿ?"

ಅವನು ತಾಟು ನೋಡುತ್ತಲೇ ಹೇಳಿದ. "ನೀ ಎಲ್ಲಿ ಬಸಿ ಇಟ್ಟಿ ಅಲ್ಲಿ ನಾ ಕೈ ಇಟ್ಟೇನಿ. ಒಂದ ದಿನಾ ಅನುಮಾನ ಮಾಡಲಿಲ್ಲ. ಈಗ ಅನ್ನಸತೈತಿ, ಅದರಾಗ ಎಷ್ಟ ಖರೆ ಇತ್ತು, ಎಷ್ಟ ಸುಳ್ಳ ಇತ್ತು, ನನಗೇನ ಗೊತ್ತು?"

"ಒಂದ ಸರ್ತೇರ ತಪ್ಪೇನೇನ್ರಿ ನಾ?"

"ಅದನ್ನೂ ನೀನ ಹೇಳಬೇಕಲಾ."

ಹೋಳಿಗೆ ಅವಳ ಕೈಯಲ್ಲೇ ಉಳಿಯಿತು. ತನ್ನ ಅರ್ಧ ಹೆಸರನ್ನು ಇವನು ಕಸಿದುಕೊಂಡಿದ್ದಾನೆಂದು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಮುನಿಸಿಕೊಂಡದ್ದುಂಟು. ಅವನು ತನ್ನ ಇಡೀ ಹೆಸರನ್ನು ಅವಳ ಕೈಗೆ ಕೊಟ್ಟು ಕೂತಿದ್ದ ಎಂಬುದು ಅವಳಿಗೆ ಹೊಳೆದದ್ದು ಆಗಲೇ. ಅಳು ಬಂತು. ಅಡಿಗೆಮನೆಗೆ ಹೋಗಿ ಅತ್ತಳು.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಅವಳು ಹಿತ್ತಲಿನಿಂದ ಒಳಗೆ ಬಂದಾಗ ಪಡಸಾಲೆಯಲ್ಲಿ ಕಂಪ್ಯೂಟರ್ ಹಚ್ಚಿತ್ತು. ರಾಮಲಿಂಗಪ್ಪ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಸುಮಾ ಮೌಸು ಹಿಡಿದಿದ್ದಳು. ಅವನ ಮಡಿಲಲ್ಲಿ ಲೂಮಿನಿಂದ ತಂದ ಒಂದು ಸೀರೆ ಇತ್ತು. ಅದರ ಜೋಡಿ ಪರದೆಯ ಮೇಲೆ ಎಲ್ಲಿದೆ ಎಂದು, ದಡಿಯ ಗೀರು ನೋಡಿ, ಬುಟ್ಟಾ ನೋಡಿ ಹುಡುಕುತ್ತಿದ್ದ.

"ಇನ್ನೊಂದ ಕೆಳಗ ಹೋಗವಾ" ಎಂದ ಸೊಸೆಗೆ. "ಹಾಂ, ಇದನ. ನಿಲ್ಲಸು."

ಅವನು ಕನ್ನಡಕ ಏರಿಸಿಕೊಂಡು ಚಿತ್ರದ ಕೆಳಗೆ ಬಗ್ಗಿದ. ರತ್ನಾಬಾಯಿಗೆ ಅಲ್ಲಿಂದಲೇ ಬಣ್ಣ ಕಂಡಿತ್ತು. ತಡೆಯಲಾಗಲಿಲ್ಲ. ಬಾಯಿಗೆ ತಾನಾಗಿ ಬಂದುಬಿಟ್ಟಿತು.

"ಅದು ನವಿಲ ಹಸರು ಐತ್ರಿ."

ರಾಮಲಿಂಗಪ್ಪ ತಿರುಗಲಿಲ್ಲ.

"ನಿನ್ನ ಯಾರ ಕೇಳ್ಯಾರ?" ಎಂದ.

ಆಮೇಲೆ ಬೆರಳನ್ನು ಗಾಜಿನ ಮೇಲೆ ಊರಿ, ಶಾಲೆಯ ಹುಡುಗನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ, ತಾನೇ ಓದಿಕೊಂಡ.